ನಿನ್ನ ಕೆಂಪು ಪೆನ್ಸಿಲು, ನನ್ನ ಸುಳ್ಳು

ನನಗೆ ಬಣ್ಣ ಹಚ್ಚಿ ರಂಗಕ್ಕೆ ನೂಕಿದ ಅಣ್ಣಾ,

ನೇಮಕಲ್ಲಿನ ಆ ನಾಟಕ ನೆನಪಿದೆಯಾ? ನೀನು ಮಾಸ್ತರ, ನಾನು ರಾಜ. ಮೂಲ ಪುಸ್ತಕ ನಿನ್ನ ಟ್ರಂಕು ಬಿಟ್ಟು ಹೊರಬರುತ್ತಿರಲಿಲ್ಲ. ಅವರವರ ಮಾತನ್ನು ಅವರವರೇ ನಕಲು ಮಾಡಿಕೊಳ್ಳಬೇಕು. ಆ ನಕಲಿನ ಮೇಲೆ ನೀನು ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆ: ಇಲ್ಲಿ ತಗ್ಗಿಸು, ಇಲ್ಲಿ ಏರಿಸು. ನನ್ನ ಹಾಳೆ ನೆನೆದುಹೋಗಿ ಮತ್ತೆ ಬರೆದುಕೊಂಡಾಗ ಗುರುತುಗಳನ್ನು ಬಿಟ್ಟುಬಿಟ್ಟೆ. ಮೊದಲ ಅಂಕದಲ್ಲೇ ಗರ್ಜಿಸಿದೆ, ಚಪ್ಪಾಳೆಯೋ ಚಪ್ಪಾಳೆ! ಮೂರನೇ ಅಂಕಕ್ಕೆ ಗಂಟಲಿನಿಂದ ಬರೀ ಗಾಳಿ. "ಮಾತೆಲ್ಲಾ ಸರಿಯಾಗೇ ಬರಕಂಡಿಯಲ್ಲೋ, ಗುರುತು ಎಲ್ಲೋ?" ಎಂದು ನೀನು ತಲೆಗೆ ಮೊಟಕಿದೆ.

ಹೋದ ತಿಂಗಳು ನಿನ್ನ ಮಗಳು ಶಾರದಾ ರಾಯದುರ್ಗದ ನನ್ನ ಮನೆಗೆ ಬಂದಿದ್ದಳು. ಈಗ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಳೆ. ಏನು ನೋಡ್ತೀಯಮ್ಮಾ ಎಂದೆ. "ಅಪ್ಪಂಗೆ ಕೆಟ್ಟಿತ್ತಲ್ರಿ, ರಕ್ತ ಹುಟ್ಸೋ ತಾಯಿಕಣ, ಅದನ್ನ" ಎಂದಳು. ಎಲುಬಿನ ಮಜ್ಜೆಯಲ್ಲಿ ಅವು ಬೂದಿ ಮುಚ್ಚಿದ ಕೆಂಡದ ಹಾಗೆ ಶಕ್ತಿ ಉಳಿಸಿಕೊಂಡು ಕೂತಿರುತ್ತವಂತೆ. ಜೀವಕಣದೊಳಗಿನ ಮೂಲ ಪುಸ್ತಕ ಡಿಎನ್‌ಎ, ಅದರ ನಕಲು ಆರ್‌ಎನ್‌ಎ. ಆ ನಕಲಿನ ಮೇಲೆ ಸಣ್ಣ ಸಣ್ಣ ರಾಸಾಯನಿಕ ಗುರುತುಗಳಿರುತ್ತವಂತೆ. ಯಾವ ಮಾತನ್ನು ಎಷ್ಟು ಓದಬೇಕು, ಎಷ್ಟು ಶಕ್ತಿ ಉರಿಸಬೇಕು ಎಂಬುದು ಅವುಗಳ ಕೈಯಲ್ಲೂ ಇದೆಯಂತೆ. ಗುರುತು ತಪ್ಪಿದರೆ ಕಣ ಹೊತ್ತಿಗೆ ಮೊದಲೇ ಉರಿದು ದಣಿಯಬಹುದು. ಆಮೇಲೆ ರಕ್ತ ಹುಟ್ಟುವುದೆಲ್ಲಿಂದ?

"ನಮ್ಮಣ್ಣನ ಕೆಂಪು ಪೆನ್ಸಿಲು!" ಎಂದು ಕೂಗಿದೆ.

"ಮೆಲ್ಲಕ ರೀ ಚಿಕ್ಕಪ್ಪಾ, ಮೈಕು ನುಂಗೀರೇನು?" ಎಂದು ನಕ್ಕಳು. ನಗುತ್ತಲೇ ಅಂದಳು: "ನಿಮ್ಮ ಮಜ್ಜೆ ಹೊಂದಿದ್ರ ಅಪ್ಪ ಬದುಕ್ತಿದ್ನೇನೋ. ಹೊಂದ್ಲಿಲ್ಲ, ನೀವೇನ್ ಮಾಡ್ತೀರಿ ಪಾಪ."

ಅಣ್ಣಾ, ಮಜ್ಜೆ ಹೊಂದುತ್ತದೋ ಇಲ್ಲವೋ ಎಂದು ನೋಡುವ ಪರೀಕ್ಷೆಯ ದಿನ ನಾನು ಆಸ್ಪತ್ರೆಗೆ ಹೋಗಲೇ ಇಲ್ಲ. ಮಡಕಶಿರಾದಲ್ಲಿ ನಾಟಕಕ್ಕೆಂದು ಕಿರೀಟ ಇಟ್ಟುಕೊಂಡು ಕೂತಿದ್ದೆ. ಎಲುಬಿನ ಸಾರ ತೆಗೆದರೆ ದನಿಯೂ ಹೋಗುತ್ತದೆ ಎಂದು ಜೊತೆಯ ನಟರು ಹೇಳಿದ್ದನ್ನು ನಂಬಿದೆ. ಡಾಕ್ಟರನ್ನು ಒಂದು ಮಾತು ಕೇಳಬಹುದಿತ್ತು... ಕೇಳಲಿಲ್ಲ. ತಿರುಗಿ ಬಂದು ನಿನ್ನ ಮಂಚದ ಬಳಿ ನಿಂತು "ಹೊಂದ್ಲಿಲ್ಲಂತಣ್ಣಾ" ಎಂದು ಗೋಳೋ ಎಂದು ಅತ್ತೆ. ಎಂಥ ಅಭಿನಯ! ನೀನೇ ನನ್ನ ಕಣ್ಣೊರೆಸಿದೆ: "ಅಳಬ್ಯಾಡಲೇ, ನಿನ್ನ ಕೈಯಾಗ ಏನೈತಿ?" ನನ್ನ ಕೈಯಲ್ಲೇ ಇತ್ತಲ್ಲ ಅಣ್ಣಾ...

ಶಾರದಳಿಗೆ ಎಲ್ಲಾ ಹೇಳಿಬಿಟ್ಟೆ. "ಈಗ ಯಾಕ ಹೇಳಿದ್ರಿ?" ಎಂದಳು. ನಿನ್ನ ಹಳೇ ಫೈಲು ಅವಳ ಹತ್ತಿರವೇ ಇದೆ. ನನ್ನ ರಕ್ತ ಕೊಡುತ್ತೇನೆ, ಹೋಲಿಸಿ ನೋಡು ಎಂದೆ. "ಬ್ಯಾಡ. ಗೊತ್ತಾಗಿ ಏನ್ ಮಾಡ್ತೀರಿ?" ಎಂದಳು. ಅವಳ ಮಾತು ಕೇಳದೆ ಆಸ್ಪತ್ರೆಗೆ ಹೋಗಿ ಕೊಟ್ಟುಬಂದೆ.

ನಿನ್ನೆ ವರದಿ ಬಂತು. ನಿನ್ನ ಹಳೇ ಕಾಗದ, ನನ್ನ ಹೊಸ ಕಾಗದ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದಳು. ನನ್ನ ಕಡೆ ನೋಡದೆ ಎದ್ದು ಒಳಗೆ ಹೋದಳು.

ಹೊಂದುತ್ತಿತ್ತು, ಅಣ್ಣಾ.

ನಿನ್ನ ತಮ್ಮ