ಆರು ಪಾಯಿಂಟಿನ ಸೋಲು

ನವೆಂಬರ್ 1, ಶನಿವಾರ

ಇವತ್ತೂ ಗೋದಾಮಿನಿಂದ ನೇರ ಅಲ್ ಕುಸೈಸಿನ ಮೈದಾನಕ್ಕೆ. ಅಕ್ಕನ ಮಗಳು ದೀಪ್ತಿ ಶಾಲೆಯ ಕಬಡ್ಡಿ ಕ್ಯಾಪ್ಟನ್. ರಕ್ತ ಯಾರದ್ದು? ನನ್ನದೇ!

ಸೋತರು. ಕತೆ ಮುಗಿಯಿತೆಂದು ಸಮಾಧಾನಕ್ಕೆ ಮಸಾಲೆದೋಸೆ ಕೊಡಿಸಿದೆ. ನಗುತ್ತಾ ತಿಂದಳು.

"ಮಾಮ, ಯಾಕೆ ಸ್ಯಾಡ್ ಫೇಸ್? ಇದು ನಾಕೌಟ್ ಅಲ್ಲ, ಲೀಗ್. ದುಬೈ ಝೋನಿನ ಆರು ಶಾಲೆಗಳೂ ಒಂದಕ್ಕೊಂದು ಆಡ್ಬೇಕು. ಮೇಲಿನ ಎರಡು ಟೀಮ್ ಅಬುಧಾಬಿ ಫೈನಲ್ಸಿಗೆ."

ನಮ್ಮೂರಲ್ಲಿ ಸೋತವನು ಅಂಗಿ ಹಾಕಿಕೊಂಡು ಮನೆಗೆ ಹೋಗುತ್ತಾನೆ. ಇಲ್ಲಿ ಸೋತವರಿಗೂ ಮುಂದಿನ ವಾರ ಬಸ್ಸು ಬರುತ್ತದೆ! ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಇದನ್ನೆಲ್ಲ ಯಾರು ಹೇಳಿದ್ದರು...

ನವೆಂಬರ್ 12, ಬುಧವಾರ

ಆಮೇಲಿನ ಪಂದ್ಯಗಳನ್ನು ಗೆದ್ದು ಈಗ ಎರಡನೇ ಸ್ಥಾನ. ಆದರೆ ಒಳ್ಳೆಯ ರೈಡರ್ ಹುಡುಗಿಯ ಕಾಲು ಉಳುಕಿದೆ. ಶನಿವಾರ ಕೊನೆಯ ಪಂದ್ಯ, ಅದೂ ಮೊದಲ ಸ್ಥಾನದವರ ಎದುರು. ಜಾರಿದರೆ ಅಬುಧಾಬಿ ಇಲ್ಲ.

ನಾನಿಲ್ಲವೇ? ಗೋದಾಮಿನ ಕ್ಯಾಮಿಲಸನ ಮಗಳು ಪರ್ಲ್ ಬೇರೆ ಶಾಲೆಯಲ್ಲಿದ್ದಾಳೆ, ಗಟ್ಟಿಗಿತ್ತಿ. ಗೆಸ್ಟ್ ಪ್ಲೇಯರ್! ಹರೆಯದಲ್ಲಿ ಒಂದು ಕೋಳಿಸುಕ್ಕದ ಊಟಕ್ಕೆ ಮೂರು ಊರಿನ ತಂಡಕ್ಕೆ ಆಡಿದವನು ನಾನು. ಜೆರ್ಸಿಯನ್ನೂ ಹೊಂದಿಸಿಟ್ಟೆ.

ದೀಪ್ತಿ ಕೈಮುಗಿದಳು. "ಬೇರೆ ಶಾಲೆಯವಳು ಆಡಿದ್ರೆ ಗೆದ್ದದ್ದೂ ಖಲಾಸ್, ಮಾಮ. ನೀವು ಬೊಬ್ಬೆ ಮಾತ್ರ ಹಾಕಿ."

"ಅದನ್ನು ನನಗೆ ಕಲಿಸ್ಬೇಕಾ?"

ನವೆಂಬರ್ 15, ಶನಿವಾರ, ಸಂಜೆ

ಬೊಬ್ಬೆ ಹಾಕಿದೆ. ಕೊನೆಯ ರೈಡ್, ಆರು ಪಾಯಿಂಟ್ ಹಿಂದೆ. ದೀಪ್ತಿ ಹೋದಳು.

"ನುಗ್ಗು ಮಾರಾಯ್ತಿ, ನುಗ್ಗು!"

ನುಗ್ಗಲಿಲ್ಲ. ದಾಟಲೇಬೇಕಾದ ಬಾಕ್ ಗೆರೆಯನ್ನಷ್ಟೇ ದಾಟಿ, ಅಲ್ಲೇ ಕುಣಿದು, ಯಾರನ್ನೂ ಮುಟ್ಟದೆ ವಾಪಸ್. ಸೀಟಿ. ಸೋತೆವು.

ಮೈಯೆಲ್ಲ ಉರಿಯಿತು. ಎಲ್ಲರೆದುರೇ ಅಂದುಬಿಟ್ಟೆ, "ನಮ್ಮ ಮನೆಯಲ್ಲಿ ಹೆದರಿ ಓಡಿ ಬಂದವರಿಲ್ಲ!"

ಮುಖ ಒರೆಸಿಕೊಂಡಳು. "ನುಗ್ಗಿ ಔಟಾಗಿದ್ರೆ ಎಷ್ಟರಿಂದ ಸೋಲ್ತಿದ್ದೆವು?"

"ಏಳು."

"ಆರು ಅಥವಾ ಅದಕ್ಕೂ ಕಡಿಮೆ ಅಂತರದಲ್ಲಿ ಸೋತ್ರೆ ಲೀಗ್ ಟೇಬಲಿನಲ್ಲಿ ಒಂದು ಪಾಯಿಂಟ್ ಸಿಗ್ತದೆ ಮಾಮ. ಎರಡನೇ ಸ್ಥಾನಕ್ಕೆ ನಮಗೆ ಅದೊಂದೇ ಬೇಕಿತ್ತು."

ಎಲ್ಲರೆದುರು ಬೈದದ್ದನ್ನು ಎಲ್ಲರೆದುರೇ ನುಂಗಿದೆ. ಹೆಗಲ ಮೇಲೆ ಹೊರಲು ಹೋದೆ.

"ಬೇಡ ಮಾಮ, ನಿಮ್ಮ ಸೊಂಟ!"

ನವೆಂಬರ್ 17, ಸೋಮವಾರ

ಗೋದಾಮಿನಲ್ಲಿ ಕ್ಯಾಮಿಲಸ್ ಹಲ್ಲು ಕಿರಿದ. "ಎಂಥ ಮಾರಾಯ, ನಿನ್ನ ಹುಡುಗಿ ಸೋತಳಂತೆ?"

"ಸೋತಳು!" ಎದೆಯುಬ್ಬಿಸಿ ಹೇಳಿದೆ. "ಎಷ್ಟರಿಂದ ಅಂತ ಕೇಳು!"

ಕೇಳಲಿಲ್ಲ. ಹೇಳಿದೆ. ಚಾಯ್ ತರುವ ಬದ್ರುದ್ದೀನನಿಗೂ ಹೇಳಿದೆ. ಊರಿಗೂ ಫೋನ್ ಮಾಡಿದೆ.

"ಗೆದ್ದವರಿಗೂ ಇಷ್ಟು ಗಂಟಲಿಲ್ಲ," ಎಂದ ಕ್ಯಾಮಿಲಸ್. ಪಾಪ, ಹೊಟ್ಟೆಕಿಚ್ಚು.

ನವೆಂಬರ್ 22, ಶನಿವಾರ, ಬನಿಯಾಸ್, ಅಬುಧಾಬಿ

ಮೊದಲ ಸಾಲಿನಲ್ಲೇ ಕೂತಿದ್ದೇನೆ. ಎದುರಾಳಿ ಅಬುಧಾಬಿ ಝೋನಿನ ಮೊದಲ ಸ್ಥಾನದವರು. ಎತ್ತರದ ಹುಡುಗಿಯರು. ಇರಲಿ.

ಬಸ್ಸಿಳಿಯುವಾಗ ಮೆಲ್ಲನೆ ಕೇಳಿದೆ, "ಇವತ್ತು ಬಾಯಿ ಮುಚ್ಚಿ ಕೂರಬೇಕಾ?"

"ಬೇಡ, ಜೋರಾಗಿ ಕೂಗಿ. ನಾನು ಕೇಳುವುದಿಲ್ಲ... ಆದ್ರೂ ಕೂಗಿ ಮಾಮ."

ಅಂಕಣಕ್ಕೆ ಇಳಿದರು. ಮುಂದೆ ನಮ್ಮವಳೇ. ಪೆನ್ನು ಜೇಬಿಗೆ — ಚಪ್ಪಾಳೆಗೆ ಎರಡೂ ಕೈ ಬೇಕು — ಅಗೋ, ಸೀಟಿ