ಲೇಸರ್ ಯಾಕೆ ಬೇಡ ಅಂದೆನೆಂದರೆ

ಬುಧವಾರ, ಮಾರ್ಚ್ 12

ಪ್ರೀತಿಯ ಅಕ್ಕನಿಗೆ,

ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಶುರುಮಾಡಿದರೆ ನೀನು ಅಲ್ಲಿಗೇ ಕಾಗದ ಮಡಿಸಿ ಅಡುಗೆಮನೆಯ ಡಬ್ಬಿಯ ಹಿಂದೆ ತುರುಕಿಬಿಡುತ್ತೀಯ ಎಂದು ಗೊತ್ತು. ಹನ್ನೊಂದು ದಿನದಿಂದ ನನ್ನ ಫೋನ್ ಎತ್ತಿಲ್ಲ. ಎತ್ತಿದ್ದರೂ ಇದನ್ನೆಲ್ಲ ಬಾಯಲ್ಲಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ನಾನು ಎರಡು ಮಾತಾಡುವಷ್ಟರಲ್ಲಿ ನೀನು ನಾಲ್ಕು ಕೇಳುತ್ತೀಯ, ನಾನು ದಾರಿ ತಪ್ಪುತ್ತೇನೆ. ಚಿಕ್ಕಂದಿನಿಂದಲೂ ಹಾಗೇ ಅಲ್ಲವೇ.

ಮಾರ್ಚ್ ಮೂರಕ್ಕೆ ಇದ್ದ ನನ್ನ ಕಣ್ಣಿನ ಲೇಸರ್ ಆಪರೇಷನ್ನನ್ನು ಎರಡು ದಿನ ಮುಂಚೆ ರದ್ದು ಮಾಡಿದೆ. "ಹೆದರಿಕೆ ಆಯಿತು, ಕ್ಷಮಿಸು" ಎಂದು ನಿನಗೆ ಒಂದು ಮೆಸೇಜು ಹಾಕಿದೆ. ಭಾವ ಆ ಕ್ಲಿನಿಕ್ಕಿಗೆ ಸೇರಿ ಎಂಟು ತಿಂಗಳಾಗಿದೆ. ಒಂದು ವರ್ಷ ಮನೆಯಲ್ಲಿ ಕೂತಿದ್ದವರು ಈಗ ಟೈ ಕಟ್ಟಿಕೊಂಡು ಹೋಗಿ, ಬಂದವರಿಗೆಲ್ಲ ದಿನ ಗೊತ್ತುಮಾಡಿ ಕೊಡುತ್ತಾರೆ. ಅವರೇ ಮುಂದೆ ನಿಂತು ಹಿರಿಯ ಡಾಕ್ಟರ ಬಳಿ ನನಗೆ ದಿನ ಕೊಡಿಸಿದ್ದರು. ನಾನು ಹಾಗೆ ಕೈಕೊಟ್ಟದ್ದು ಅವರ ಮುಖಕ್ಕೆ ಮಸಿ ಬಳಿದಂತಾಯಿತು ಎಂದು ನೀನು ತಿಳಿದದ್ದರಲ್ಲಿ ತಪ್ಪಿಲ್ಲ. ಆದರೆ ಆ ಮೆಸೇಜು ಸುಳ್ಳು ಅಕ್ಕ. ನನಗೆ ಹೆದರಿಕೆ ಆಗಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಭಾವನ ಕ್ಲಿನಿಕ್ಕು ನನಗೆ ಇಷ್ಟವೇ ಆಗಿತ್ತು. ಮೆತ್ತನೆಯ ಸೋಫಾ, ಗುಂಡಿ ಒತ್ತಿದರೆ ಕಾಫಿ ಸುರಿಸುವ ಯಂತ್ರ, ಗೋಡೆಯ ತುಂಬ ಕನ್ನಡಕ ಬಿಸಾಡಿ ನಗುತ್ತಿರುವವರ ಫೋಟೋಗಳು. ಭಾವ ನನ್ನನ್ನು ಎಲ್ಲರಿಗೂ "ನಮ್ಮ ನಾದಿನಿ, ಈಜು ಕಲಿಸ್ತಾಳೆ" ಎಂದು ಪರಿಚಯ ಮಾಡಿಸಿದರು. ಕಣ್ಣಿಗೆ ಹನಿ ಹಾಕಿ, ನಾಲ್ಕು ಯಂತ್ರಗಳ ಮುಂದೆ ಗಲ್ಲ ಊರಿಸಿ ಕೂರಿಸಿದರು. ಆಮೇಲೆ ಡಾಕ್ಟರು ಬಂದು ಕಾಗದ ನೋಡಿ, "ಕಣ್ಣಿನ ಪದರ ಸ್ವಲ್ಪ ತೆಳು, ಆದ್ರೆ ಆಗುತ್ತೆ, ಮಾಡೋಣ" ಎಂದರು.

ಆ "ಸ್ವಲ್ಪ" ನನಗೆ ಮುಳ್ಳಿನ ಹಾಗೆ ನಟ್ಟಿತು. ಒಂಬತ್ತು ವರ್ಷದಿಂದ ನೀರಿನ ಕೆಲಸದವಳು ನಾನು. ಅಲ್ಲಿ ಸ್ವಲ್ಪ ಆಳ ಇದೆ ಎಂದು ಯಾರಾದರೂ ಅಂದರೆ, ಎಷ್ಟು ಎಂದು ಕೇಳದೆ ಮಗುವನ್ನು ಇಳಿಸುವುದಿಲ್ಲ. ಇಲ್ಲೂ ಕೇಳಿದೆ, ಎಷ್ಟು ತೆಳು ಎಂದು. ಡಾಕ್ಟರು ಗಡಿಯಾರ ನೋಡಿ, ಹೊರಗಿನ ಹುಡುಗಿ ವಿವರಿಸುತ್ತಾಳೆ ಎಂದರು. ಹೊರಗಿನ ಹುಡುಗಿ ಸೋಮವಾರ ಬೇಕೋ ಗುರುವಾರವೋ ಎಂದು ಕೇಳಿದಳು. ಭಾವನ ಮುಖ ನೋಡಿ ನಾನು ಸೋಮವಾರ ಎಂದೆ.

ಆದರೂ ಮನಸ್ಸು ತಡೆಯಲಿಲ್ಲ. ನಿಮಗೆ ಯಾರಿಗೂ ಹೇಳದೆ ಇನ್ನೊಂದು ಕಡೆ ಹೋದೆ. ಅದು ಚಪ್ಪಲಿ ಅಂಗಡಿಯ ಮೇಲಿನ ಮಹಡಿ. ಅಲ್ಲಿ ಡಾಕ್ಟರ ಮುಖವನ್ನೇ ನೋಡಲಿಲ್ಲ. ಆಪರೇಷನ್ ಯಾರು ಮಾಡುತ್ತಾರೆ ಎಂದರೆ, "ಅವತ್ತು ಡ್ಯೂಟಿಲಿ ಇರೋರು" ಎಂದರು. ಈ ವಾರವೇ ಮಾಡಿಸಿಕೊಂಡರೆ ಜೊತೆಗೆ ಬಂದವರಿಗೆ ರಿಯಾಯಿತಿಯಂತೆ. ಕಣ್ಣೇನು ಹಾಸಿಗೆಯ ಚಾದರವೇ, ಒಂದು ಕೊಂಡರೆ ಇನ್ನೊಂದು ಕೊಡುವುದಕ್ಕೆ! ಮೆಟ್ಟಿಲು ಇಳಿದು ಬಂದುಬಿಟ್ಟೆ.

ಮೂರನೆಯದು ನಮ್ಮ ಈಜುಕೊಳಕ್ಕೆ ನೀರು ಶುದ್ಧ ಮಾಡಲು ಬರುವವರು ಹೇಳಿದ ಹಳೆಯ ಕಣ್ಣಾಸ್ಪತ್ರೆ. ಮರದ ಬೆಂಚಿನ ಮೇಲೆ ಮೂರೂವರೆ ಗಂಟೆ ಕೂತೆ. ಪಕ್ಕದಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿದ್ದ ಅಜ್ಜಿಯೊಬ್ಬರು ನನ್ನ ತೊಡೆಯ ಮೇಲೆ ತಲೆಯಿಟ್ಟು ಒಂದು ನಿದ್ದೆ ತೆಗೆದರು. ಆ ಡಾಕ್ಟರಿಗೆ ನಿವೃತ್ತಿಯ ವಯಸ್ಸು, ಗಂಟಲು ಕಟ್ಟಿದ ಧ್ವನಿ. ನನ್ನ ಎಡಗಣ್ಣನ್ನು ಮೂರು ಸಲ ಸ್ಕ್ಯಾನ್ ಮಾಡಿಸಿದರು. ಮೂರನೇ ಸಲ ತಾವೇ ಯಂತ್ರದ ಮುಂದೆ ಕೂತರು. ಆಮೇಲೆ ಅವರು ಮೊದಲು ಕೇಳಿದ್ದು, "ಕಣ್ಣು ತುಂಬ ಉಜ್ಕೋತೀರಾ?"

ಉಜ್ಜುತ್ತೇನೆ. ನೀರಿಗೆ ಹಾಕುವ ಔಷಧಿಗೆ ಕಣ್ಣು ತುರಿಸುತ್ತದೆ. ಚಿಕ್ಕಂದಿನಲ್ಲೂ ಉಜ್ಜುತ್ತಿದ್ದೆ, ಅಮ್ಮ ಕೈ ಮೇಲೆ ಹೊಡೆಯುತ್ತಿದ್ದಳು.

ಅವರು ಬಣ್ಣಬಣ್ಣದ ನಕ್ಷೆಯೊಂದನ್ನು ತೋರಿಸಿ ನಿಧಾನವಾಗಿ ಹೇಳಿದರು. ಕರಿಗುಡ್ಡೆಯ ಮೇಲೆ ಗಾಜಿನಂಥ ಪದರ ಒಂದಿರುತ್ತದೆ. ನನ್ನದು ಎರಡು ಕಣ್ಣಲ್ಲೂ ತೆಳು, ಎಡಗಣ್ಣಲ್ಲಿ ಕೆಳಗಡೆ ಉಬ್ಬಲು ಶುರುವಾಗಿದೆ. ಲೇಸರ್ ಎಂದರೆ ಅದೇ ಪದರವನ್ನು ಇನ್ನಷ್ಟು ಕೆತ್ತುವುದು. "ಮೊದಲೇ ತೆಳ್ಳಗಿರೋ ಗೋಡೇನ ಕೆತ್ತಿ ಕಿಟಕಿ ದೊಡ್ಡದು ಮಾಡೋಕಾಗಲ್ಲಮ್ಮ" ಎಂದರು. ಮಾಡಿಸಿಕೊಂಡಿದ್ದರೆ ಒಂದೆರಡು ವರ್ಷ ಚೆನ್ನಾಗಿ ಕಂಡು, ಆಮೇಲೆ ಯಾವ ಕನ್ನಡಕಕ್ಕೂ ಬಗ್ಗದ ಹಾಗೆ ಕಣ್ಣು ಹಾಳಾಗುವ ಸಾಧ್ಯತೆ ಇತ್ತಂತೆ. ಭಾವನ ಕ್ಲಿನಿಕ್ಕಿನ ಕಾಗದವನ್ನೂ ತೋರಿಸಿದೆ. ಪದರ ಎಷ್ಟು ತೆಳು ಎಂಬ ಅದೇ ಅಂಕಿ ಅದರಲ್ಲೂ ಇತ್ತು ಅಕ್ಕ, ಕೆಂಪು ಬಣ್ಣದಲ್ಲೇ ಇತ್ತು. ನೋಡಿದವರು ನೋಡಿಯೂ ಮುಂದೆ ಹೋಗಿದ್ದರು. ಹಳೆಯ ಡಾಕ್ಟರು ಯಾರನ್ನೂ ಬೈಯಲಿಲ್ಲ. ಕಾಗದವನ್ನು ಮಡಿಸಿ ನನ್ನ ಕೈಗೆ ಕೊಟ್ಟರು, ಅಷ್ಟೇ.

ನಾನು ಅಲ್ಲೇ ಅತ್ತೆ. ಅವರಿಗೆ ಆಶ್ಚರ್ಯವಾಯಿತು. ಬೇಡ ಅಂದದ್ದಕ್ಕೆ ಅಳುವವರು ಕಡಿಮೆಯಂತೆ. "ಕನ್ನಡಕದ ಮೇಲೆ ಅಷ್ಟು ಸಿಟ್ಟು ಯಾಕೆ?" ಎಂದರು. ಆಗ, ನಿನಗೂ ಹೇಳದಿದ್ದದ್ದನ್ನು, ಆ ಅಪರಿಚಿತರಿಗೆ ಹೇಳಿದೆ.

ಜನವರಿಯ ಎರಡನೇ ವಾರ. ಬೆಳಗಿನ ತಂಡದಲ್ಲಿ ಹನ್ನೊಂದು ಮಕ್ಕಳು. ನೀರಲ್ಲಿ ನನಗೆ ಮುಖಗಳು ಕಾಣುವುದಿಲ್ಲ. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಟೋಪಿ ಹಾಕಿಸಿ, ಬಣ್ಣ ಎಣಿಸಿಕೊಂಡು ಕಲಿಸುವುದು ನನ್ನ ರೂಢಿ. ಅಂದು ಎಣಿಸಿದೆ, ಹನ್ನೊಂದು ಸರಿಯಿತ್ತು. ಕೆಂಪು ಟೋಪಿ ಕಂಬಿಯ ಪಕ್ಕದಲ್ಲೇ ಇತ್ತು. ದಡದಲ್ಲಿ ಕೂತಿದ್ದ ಯಾರದೋ ಅಜ್ಜ "ಟೀಚರ್, ಮಗು ಎಲ್ಲಿ?" ಎಂದು ಕೂಗಿದಾಗಲೇ ಗೊತ್ತಾದದ್ದು, ಅದು ಬರೀ ಟೋಪಿ. ತಲೆಯಿಂದ ಕಳಚಿ ತೇಲುತ್ತಿತ್ತು. ಏಳು ವರ್ಷದ ಹುಡುಗಿ ಅದರ ಕೆಳಗೆ ಇದ್ದಳು.

ಎತ್ತಿದೆ. ಕೆಮ್ಮಿದಳು, ವಾಂತಿ ಮಾಡಿಕೊಂಡಳು, ಅತ್ತಳು. ಉಳಿದಳು. ನಾನು ಅವಳನ್ನು ಟವೆಲಿನಲ್ಲಿ ಸುತ್ತಿ, ಅವಳ ಅಮ್ಮನಿಗೆ "ಒಂದು ಗುಟುಕು ನೀರು ಕುಡಿದಳು, ಎಲ್ಲ ಮಕ್ಕಳೂ ಕುಡಿತಾರೆ" ಎಂದೆ. ಆಫೀಸಿನ ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಆ ಅಜ್ಜ ನನ್ನನ್ನೇ ನೋಡುತ್ತ ನಿಂತಿದ್ದರು, ಅವರ ಕಡೆ ತಿರುಗಲಿಲ್ಲ. ಮಾರನೇ ದಿನವೇ ಭಾವನಿಗೆ ಫೋನ್ ಮಾಡಿ, ನನಗೆ ಕನ್ನಡಕ ಸಾಕಾಗಿದೆ, ನಿಮ್ಮಲ್ಲಿ ಲೇಸರ್ ಮಾಡಿಸಿಕೊಳ್ಳುತ್ತೇನೆ ಎಂದದ್ದು. ನಿಮಗೆಲ್ಲ ನಾನು ಚೆಂದ ಕಾಣಲು ಹೊರಟಿದ್ದೇನೆ ಅನ್ನಿಸಿರಬೇಕು. ಮೂವತ್ನಾಲ್ಕಕ್ಕೆ ಇವಳಿಗೇನು ಬಂತು ಎಂದು ನೀನು ತಮಾಷೆ ಕೂಡ ಮಾಡಿದೆ. ನಾನೂ ನಕ್ಕೆ.

ಡಾಕ್ಟರು ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. "ಪವರ್ ಇರೋ ಈಜು ಕನ್ನಡಕ ಸಿಗುತ್ತಲ್ಲ. ಅದನ್ಯಾಕೆ ಹಾಕ್ಕೊಂಡಿಲ್ಲ?"

ಅದರ ಕಾರಣ ನಿನಗೂ ಗೊತ್ತಿಲ್ಲ. ಕೆಲಸಕ್ಕೆ ಸೇರುವಾಗ ಕಣ್ಣಿನ ಪರೀಕ್ಷೆ ಇತ್ತು. ಕನ್ನಡಕವಿಲ್ಲದೆ ಗೋಡೆಯ ಮೇಲಿನ ಅಕ್ಷರ ಓದಬೇಕು. ಸಾಲಿನಲ್ಲಿ ನನ್ನ ಮುಂದೆ ಆರು ಜನರಿದ್ದರು. ಅವರು ಓದುವಷ್ಟರಲ್ಲಿ ನಾನು ಕನ್ನಡಕ ಹಾಕಿಕೊಂಡೇ ಆ ಅಕ್ಷರಗಳನ್ನೆಲ್ಲ ಬಾಯಿಪಾಠ ಮಾಡಿದೆ. ಸರದಿ ಬಂದಾಗ ಕನ್ನಡಕವನ್ನು ಚೀಲಕ್ಕೆ ಹಾಕಿ, ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದೆ. ನರ್ಸು ಶಭಾಷ್ ಎಂದರು. ಅಂದಿನಿಂದ ಕೊಳದ ಗೇಟು ದಾಟಿ ಕನ್ನಡಕ ಹಾಕಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ, ನಾನು ಕಣ್ಣು ಬಿಟ್ಟುಕೊಂಡೇ ಕುಡಿದೆ. ಎಣ್ಣೆ ಬಿಟ್ಟುಕೊಂಡು ಮಕ್ಕಳನ್ನು ಕಾಯಬೇಕಾದ ಕಣ್ಣು ಇದು, ಅಕ್ಕ.

ಆ ಆಸ್ಪತ್ರೆಗೆ ಹೋದ ಮರುದಿನ ಬೆಳಿಗ್ಗೆ ಕೊಳದ ಮ್ಯಾನೇಜರ ಮುಂದೆ ನಿಂತು ಎರಡೂ ಹೇಳಿದೆ, ಟೋಪಿಯದ್ದೂ, ಬಾಯಿಪಾಠದ್ದೂ. ಅವರು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೇಳಿಸಿಕೊಂಡರು. ಕೆಲಸದಿಂದ ತೆಗೆಯಲಿಲ್ಲ. "ಹೇಳದೇ ಇದ್ದಿದ್ರೆ ತೆಗೀತಿದ್ದೆ" ಎಂದರು. ಟಿಕೆಟ್ ಕೌಂಟರಿನಲ್ಲಿ ಕೂರಿಸಿದ್ದಾರೆ. ಪವರ್ ಇರುವ ಈಜು ಕನ್ನಡಕ ಸೋಮವಾರ ಬಂತು. ಮುಂದಿನ ವಾರ ಅದನ್ನು ಹಾಕಿಕೊಂಡು ಮತ್ತೆ ಪರೀಕ್ಷೆ. ಪಾಸಾದರೂ ಆರು ತಿಂಗಳು ಒಬ್ಬಳೇ ತಂಡ ನೋಡುವ ಹಾಗಿಲ್ಲ, ಇನ್ನೊಬ್ಬ ಟೀಚರು ಜೊತೆಗಿರಬೇಕು. ನ್ಯಾಯವೇ.

ಆ ಹುಡುಗಿಯ ಅಮ್ಮನನ್ನೂ ಹುಡುಕಿಕೊಂಡು ಹೋದೆ. ಅವರು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಗಿರಾಕಿಗಳು ಹೋಗುವವರೆಗೆ ಕಾದು, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. "ಅದಕ್ಕೇನಾ ಅವಳು ತಲೆ ಮೇಲೆ ನೀರು ಹಾಕಿದ್ರೆ ಕಿರುಚೋದು" ಎಂದರು. ಅಷ್ಟೇ. ಮಗು ಮತ್ತೆ ಕೊಳಕ್ಕೆ ಬಂದಿಲ್ಲ. ಬರುವುದಿಲ್ಲ ಎಂದೇ ನನ್ನ ಅಂದಾಜು. ಅದನ್ನು ಹೊತ್ತುಕೊಂಡೇ ಇರಬೇಕು.

ಇದೆಲ್ಲ ನನ್ನ ಪಾಡು. ಪತ್ರ ಬರೆಯಲು ಕಾರಣ ಬೇರೆ. ಈ ತೆಳು ಪದರ ಮನೆತನದಲ್ಲಿ ಬರಬಹುದಂತೆ. ಮನೆಯಲ್ಲಿ ಯಾರಿಗಾದರೂ ಇದೆಯೇ ಎಂದು ಡಾಕ್ಟರು ಎರಡು ಸಲ ಕೇಳಿದರು. ನನಗೆ ತಕ್ಷಣ ನಿನ್ನ ಮಗಳು ನೆನಪಾದಳು. ಪುಸ್ತಕ ಹಿಡಿದು ಕೂತಾಗ ಮುಷ್ಟಿಯಿಂದ ಕಣ್ಣು ಉಜ್ಜುವ ಅವಳ ರೀತಿ ನನ್ನದೇ. ಹತ್ತೊಂಬತ್ತರ ಹುಟ್ಟುಹಬ್ಬಕ್ಕೆ ನೀನು ಅವಳಿಗೆ ಕೊಡುತ್ತಿರುವ ಉಡುಗೊರೆ ಇದೇ ಲೇಸರ್, ಅದೇ ಕ್ಲಿನಿಕ್ಕು, ಮಾರ್ಚ್ ಇಪ್ಪತ್ತನಾಲ್ಕು. ಅವಳಿಗೆ ಏನೂ ಇಲ್ಲದಿರಬಹುದು. ಇಲ್ಲದಿರಲಿ. ಆದರೆ ಅಷ್ಟರೊಳಗೆ ಒಮ್ಮೆ ಆ ಹಳೆಯ ಆಸ್ಪತ್ರೆಯ ಬೆಂಚಿನ ಮೇಲೆ ಅವಳನ್ನು ಕೂರಿಸು. ಭಾವನ ಕೆಲಸಕ್ಕೆ ನಾನು ಕಲ್ಲು ಹಾಕುತ್ತಿದ್ದೇನೆ ಅಂದುಕೊಳ್ಳಬೇಡ. ನನ್ನ ಮೇಲೆ ಎಷ್ಟು ಸಿಟ್ಟಾದರೂ ಇಟ್ಟುಕೋ, ಅವಳ ಕಣ್ಣು ಮಾತ್ರ ತೋರಿಸು.

ನನ್ನ ಎಡಗಣ್ಣಿನ ಪದರ ಗಟ್ಟಿಮಾಡುವ ಚಿಕಿತ್ಸೆ ಏಪ್ರಿಲ್ ಎರಡಕ್ಕೆ. ನೋಟ ಸುಧಾರಿಸುವುದಿಲ್ಲ, ಇರುವುದು ಕೆಡದಂತೆ ತಡೆಯುತ್ತದೆ, ಅಷ್ಟೇ. ನಾಲ್ಕೈದು ದಿನ ಉರಿ ಇರುತ್ತದಂತೆ. ಜೊತೆಗೆ ಯಾರು ಬರುತ್ತಾರೆ ಎಂದು ಫಾರ್ಮಿನಲ್ಲಿ ಕೇಳಿದ್ದರು. ನಿನ್ನನ್ನು ಕೇಳದೆಯೇ ಅಕ್ಕ ಎಂದು ಬರೆದುಬಿಟ್ಟೆ. ಬಾರದಿದ್ದರೆ ಬರೆದದ್ದನ್ನು ಹೊಡೆದುಹಾಕಿದರಾಯಿತು.

ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ನಿನ್ನಿಂದ ಬೈಸಿಕೊಳ್ಳಲು ತಯಾರಾಗಿರುವ,

ನಿನ್ನ ತಂಗಿ
ಗುಬ್ಬಿ

ತಾ.ಕ.: ಶನಿವಾರ, ಮಾರ್ಚ್ 15. ಪತ್ರ ಮುಗಿಸಿ ಮೂರು ದಿನ ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ, ಅಂಚೆ ಡಬ್ಬಿಗೆ ಹಾಕುವ ಧೈರ್ಯ ಬರಲಿಲ್ಲ. ನಿನ್ನೆ ಮಧ್ಯಾಹ್ನ ಟಿಕೆಟ್ ಕಿಟಕಿಯ ಆಚೆ ಭಾವ ಬಂದು ನಿಂತರು, ಪಕ್ಕದಲ್ಲಿ ಮಗಳು. ಅರ್ಧ ದಿನ ರಜೆ ಹಾಕಿದ್ದರು. ನಾನು ರದ್ದು ಮಾಡಿದ ಮೇಲೆ ನನ್ನ ಫೈಲು ತೆರೆದು ನೋಡಿದರಂತೆ, ಆಮೇಲೆ ಮಗಳದ್ದು. ನನ್ನದರಲ್ಲಿ ಆ ಕೆಂಪು ಅಂಕಿ ಕಂಡು, ನಾನು ಬೇರೆ ಕಡೆ ತೋರಿಸಿಯೇ ಬೇಡ ಅಂದಿರಬೇಕೆಂದು ಊಹಿಸಿದರಂತೆ. "ನೀನು ಹೋದ ಕಡೆಗೇ ಇವಳನ್ನೂ ಕರ್ಕೊಂಡು ಹೋಗಮ್ಮ" ಎಂದರು. ಮೂವರೂ ಹೋದೆವು. ಅವಳ ಎಡಗಣ್ಣಿನ ಒಂದು ಮೂಲೆಯಲ್ಲಿ ಅನುಮಾನ ಇದೆ, ಕಾಯಿಲೆ ಎಂದು ಹೇಳುವಷ್ಟಿಲ್ಲ. ಆರು ತಿಂಗಳಿಗೊಮ್ಮೆ ನೋಡುತ್ತಿರಬೇಕು, ಕಣ್ಣು ಉಜ್ಜಬಾರದು, ಲೇಸರ್ ಬೇಡ. ಇಪ್ಪತ್ತನಾಲ್ಕರ ದಿನವನ್ನು ಭಾವ ಅಲ್ಲಿಂದಲೇ ಫೋನಿನಲ್ಲಿ ರದ್ದು ಮಾಡಿದರು. ತಾವೇ ಹೇಳುವುದಾಗಿಯೂ, ನಾನು ನಿನಗೆ ಹೇಳಬಾರದೆಂದೂ ನನ್ನ ಬಳಿ ಮಾತು ತೆಗೆದುಕೊಂಡರು. ಆ ಮಾತನ್ನು ಈಗ ಮುರಿಯುತ್ತಿದ್ದೇನೆ, ಮುಚ್ಚಿಡುವುದು ನನಗೆ ಸಾಕಾಗಿದೆ. ವಾರದಿಂದ ನಿನಗೆ ಹೇಳಲು ಹೊರಟರೂ ಆಗುತ್ತಿಲ್ಲವಂತೆ. ಬಾಯಿ ತೆರೆಯುವಷ್ಟರಲ್ಲಿ ನೀನು "ನಮ್ಮ ಕ್ಲಿನಿಕ್ಕು" ಎಂದು ಶುರುಮಾಡುತ್ತೀಯಂತೆ, ಅವರಿಗೆ ಮಾತು ಹೊರಡುವುದಿಲ್ಲವಂತೆ. ಈ ಪತ್ರವನ್ನು ನಿನ್ನ ಮಗಳ ಕೈಯಲ್ಲೇ ಕಳಿಸುತ್ತಿದ್ದೇನೆ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಭಾವ ಮಾತು ತೆಗೆದರೆ, ಅಕ್ಕ, ಗೊತ್ತಿಲ್ಲದವಳ ಹಾಗೆ ಕೂತು ಕೊನೆಯವರೆಗೆ ಕೇಳು.