ಗುರುವಾರದ ಪುಟಕ್ಕೆ ಒಂದು ಸಾಲು

ಕೆಳವಾಡಿ, ಎರಡನೇ ಮೆಟ್ಟಿಲು
ಉರಿಗಾಲದ ತೊಂಬತ್ತೊಂದನೆಯ ದಿನ, ಶುಕ್ರವಾರ, ಕ್ರಿ.ಶ. ೨೨೧೩

ಚಿರಂಜೀವಿ ಅಂಬಿಕಾ ಆಯಿಗೆ,

ಚಿರಂಜೀವಿ ಎಂದೂ ಆಯಿ ಎಂದೂ ಒಟ್ಟಿಗೇ ಬರೆದದ್ದಕ್ಕೆ ನಗಬೇಡ. ನೀನು ನನಗೆ ಏಳು ತಲೆಮಾರಿನ ಹಿಂದಿನ ಅಜ್ಜಿ, ನಮ್ಮ ಮಾತಿನಲ್ಲಿ ಆಯಿ. ಆದರೆ ನನಗೆ ಗೊತ್ತಿರುವ ನೀನು, ಆ ಹಸಿರು ರಟ್ಟಿನ ನೋಟ್‌ಬುಕ್ಕಿನಲ್ಲಿರುವ ನೀನು, ಇಪ್ಪತ್ತೊಂಬತ್ತರ ಹುಡುಗಿ. ನನಗೆ ಎಪ್ಪತ್ತೆರಡು. ಯಾರು ಯಾರ ಕಾಲು ಮುಟ್ಟಬೇಕೋ ನೀನೇ ಹೇಳು. ನನ್ನ ಬರಹದಲ್ಲಿ ನೀನು ಕೇಳಿರದ ಶಬ್ದಗಳು ಬರುತ್ತವೆ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಾನು ಶಾಲೆ ಕಲಿತವಳಲ್ಲ. ನಿನ್ನ ಅಕ್ಷರದ ಮೇಲೆ ಬೆರಳಿಟ್ಟುಕೊಂಡೇ ಓದು ಕಲಿತವಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ಗೀಟು ನಡುಗಿರುವುದು ವಯಸ್ಸಿನಿಂದಲ್ಲ, ಹೆದರಿಕೆಯಿಂದ.

ಕೆಳವಾಡಿ ಎಂದರೆ ನಿನ್ನ ಕಾಲದ ಹಾಸುಗಲ್ಲಿನ ಗಣಿ. ನೀವು ಅಂಗಳಕ್ಕೆ ಕಲ್ಲು ಎಬ್ಬಿಸಿ ಬಿಟ್ಟುಹೋದ ಗುಂಡಿಯನ್ನು ನಮ್ಮವರು ಇನ್ನೂ ಆಳಕ್ಕೆ ಕೊರೆದು ಎಂಟು ಅಂತಸ್ತಿನ ಊರು ಮಾಡಿಕೊಂಡರು. ಅಂತಸ್ತಿಗೆ ನಾವು ಮೆಟ್ಟಿಲು ಎನ್ನುತ್ತೇವೆ. ವರ್ಷದಲ್ಲಿ ನೂರೈವತ್ತು ದಿನ ಉರಿಗಾಲ. ಆಗ ನೆಲದ ಮೇಲೆ ಹಗಲು ಯಾರೂ ಕಾಲಿಡುವುದಿಲ್ಲ. ಕೆಳಗೇ ಜೋಳದ ರೊಟ್ಟಿ ಬಡಿಯುತ್ತೇವೆ, ಅಣಬೆ ಪಲ್ಯ ಮಾಡುತ್ತೇವೆ, ಜಗಳವಾಡುತ್ತೇವೆ, ಹೆಣ್ಣು ನೋಡುತ್ತೇವೆ. ಉಸಿರಾಡಲು ಗಾಳಿಬಾವಿಗಳಿವೆ. ನೆಲದಿಂದ ತಳದವರೆಗೆ ಇಳಿದ ಈ ಬಾವಿಗಳಲ್ಲಿ ಪಂಖಗಳು ಹೊಸ ಗಾಳಿಯನ್ನು ಇಳಿಸುತ್ತವೆ, ಹಳೆಯದನ್ನು ಏರಿಸುತ್ತವೆ. ಪ್ರತಿ ಮೆಟ್ಟಿಲಿನಲ್ಲೂ ಒಂದು ಗಾಳಿಮೂಗು, ಅಂದರೆ ಗಾಳಿ ಕೆಟ್ಟಿತೆಂದು ಕಂಡುಹಿಡಿಯುವ ಬಿಲ್ಲೆ ಇದೆ. ಅದು ಕೂಗಿದರೆ ಎರಡನೇ ಪಂಖ ತಾನಾಗಿ ತಿರುಗುತ್ತದೆ. ತೀರಿಹೋದ ಹಿರಿಯರಿಗೆ ಕಾಗದ ಬರೆದು ಗಾಳಿ ಏರುವ ಬಾವಿಯಲ್ಲಿ ಬಿಡುವುದು ನಮ್ಮ ಪದ್ಧತಿ. ಕಾಗದ ಮೇಲೇರಿ ಕಾಣದಂತಾದರೆ ಮುಟ್ಟಿತೆಂದು ತಿಳಿಯುತ್ತೇವೆ. ನಿನಗೇ ನಲವತ್ತು ಬರೆದಿದ್ದೇನೆ.

ಈ ಪಂಖಗಳನ್ನು ನಡೆಸುವ ಪ್ರೋಗ್ರಾಂ ನಿನ್ನದು. ನೀನು ಅದನ್ನು ಬರೆದದ್ದು ಒಣದ್ರಾಕ್ಷಿ ಇಡುವ ಒಂದು ಶೀತಲಗೃಹಕ್ಕೆ. ಕೆಡದೆ ನಡೆಯುತ್ತದೆಂದು ಯಾರೋ ಎತ್ತಿ ಇನ್ನೊಂದಕ್ಕೆ ಹಾಕಿದರು, ಅಲ್ಲಿಂದ ಮತ್ತೊಂದಕ್ಕೆ; ಕೊನೆಗೆ ಮನುಷ್ಯರಿರುವ ಗುಂಡಿಗೂ ಅದೇ ಬಂತು. ಅದರ ಜೊತೆ ಬಂದದ್ದು ನಿನ್ನ ನೋಟ್‌ಬುಕ್ಕು. ಅದರಲ್ಲಿ ಓದಲು ಉಳಿದಿರುವುದು ಒಂದೇ ಒಂದು ವಾರ: ಕೆಲಸ ಹಗುರಾಗಲಿ ಎಂದು ಆ ವಾರ ನೀನು ಮಾಡಿಕೊಂಡ ಸಣ್ಣಪುಟ್ಟ ತಿದ್ದುಪಡಿಗಳು. ಆ ಒಂದು ವಾರದ ಪ್ರಕಾರ ಇಡೀ ಊರು ಬದುಕುತ್ತದೆ ಎಂದರೆ ನಂಬುತ್ತೀಯಾ? ಸೋಮವಾರ ನೀನು ಮೊಬೈಲನ್ನು ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟೆ. ನಾವೂ ಕೈಯಲ್ಲಿರುವ ಯಂತ್ರಗಳನ್ನೆಲ್ಲ ಡಬ್ಬಿಗೆ ಹಾಕುತ್ತೇವೆ. ಮಂಗಳವಾರ ಉದ್ದನೆಯ ಕಮಾಂಡುಗಳನ್ನು ಎರಡೆರಡು ಅಕ್ಷರಕ್ಕೆ ಇಳಿಸಿದೆ. ಆ ದಿನ ಇಲ್ಲಿ ಎಲ್ಲರ ಹೆಸರೂ ಎರಡಕ್ಷರ, ನೀಲಗಂಗಮ್ಮನಾದ ನಾನು ಬರೀ ನೀಲ. ಬುಧವಾರ ನಾಲ್ಕನೇ ಚಹಾ ಬಿಟ್ಟು ಮಜ್ಜಿಗೆ ಕುಡಿದೆ, ನಿಂತು ಕೆಲಸ ಮಾಡಿದೆ. ನಮ್ಮ ಮೊಣಕಾಲು ನೋವಿಗೆ ನೀನೇ ಕಾರಣ. ಶುಕ್ರವಾರ ಹೀಗೆ ಬರೆದೆ: ‘ಇವತ್ತು ಹೊಸದೇನನ್ನೂ ಮುಟ್ಟುವುದಿಲ್ಲ. ಏನಾದರೂ ಕೆಟ್ಟರೆ ಶನಿವಾರದ ತಲೆಸ್ನಾನ ಹೋಯಿತು.’ ನಿನ್ನ ತಲೆಸ್ನಾನಕ್ಕಾಗಿ ಇಂದಿಗೂ ಶುಕ್ರವಾರ ಪಂಖದ ಕೋಣೆಗೆ ಬೀಗ.

ಇನ್ನು ಗುರುವಾರ. ದಿನಕ್ಕೆ ಇಪ್ಪತ್ತು ಸಲ ಬರುತ್ತಿದ್ದ ಸುಳ್ಳು ಎಚ್ಚರಿಕೆಗಳಿಂದ ನಿನಗೆ ತಲೆ ಚಿಟ್ಟು ಹಿಡಿದಿತ್ತು. ಒಂದು ಎಚ್ಚರಿಕೆ ಮೂರು ಸಲ ಬಂದರೆ ಆಮೇಲೆ ಅದು ಬಾಯಿ ಮುಚ್ಚಿಕೊಂಡು ಒಂದು ಪಟ್ಟಿಗೆ ಸೇರುವ ಹಾಗೆ ಮಾಡಿದೆ. ಕೆಳಗೆ ಬರೆದೆ: ‘ಅಬ್ಬಾ, ಎಂಥ ನೆಮ್ಮದಿ!’ ಆ ನೆಮ್ಮದಿ ನಮ್ಮಲ್ಲಿ ಮರ್ಯಾದೆಯಾಯಿತು, ಕೂಸೇ. ಯಾವ ಮಾತನ್ನೂ ಮೂರು ಸಲಕ್ಕಿಂತ ಹೆಚ್ಚು ಹೇಳಬಾರದು. ನಾಲ್ಕನೇ ಸಲ ಹೇಳಿದವರೊಡನೆ ಒಂದು ವರ್ಷ ಯಾರೂ ಮಾತನಾಡುವುದಿಲ್ಲ. ಹಸಿದ ಮಕ್ಕಳೂ ಮೂರು ಸಲ ಕೇಳಿ ಸುಮ್ಮನಾಗುತ್ತವೆ. ನಾನೂ ಹಾಗೆಯೇ ಬೆಳೆದವಳು, ಹಾಗೆಯೇ ಬೆಳೆಸಿದವಳು.

ನನ್ನ ಮೊಮ್ಮಗಳು ಜಗದೇವಿ ಬಾಣಂತಿ. ಮಗುವಿಗೆ ಇಪ್ಪತ್ತು ದಿನ, ಹೆಸರಿಟ್ಟಿಲ್ಲ. ಉರಿಗಾಲದಲ್ಲಿ ಮೇಲಿನ ಮೆಟ್ಟಿಲುಗಳ ಸೆಖೆಯನ್ನು ಹಸಿಗೂಸು ಒಂದು ತಾಸೂ ತಡೆಯದು. ಅದಕ್ಕೇ ಬಾಣಂತಿಯರನ್ನು ತಂಪಾದ ಎಂಟನೇ ಮೆಟ್ಟಿಲಿಗೆ ಇಳಿಸುತ್ತೇವೆ. ಈಗ ಅಲ್ಲಿ ಹನ್ನೊಂದು ಜನ ತಾಯಂದಿರು, ಹನ್ನೊಂದು ಕೂಸುಗಳು. ಮಂಗಳವಾರ ಮಗುವನ್ನು ನೋಡಲು ಇಳಿದವಳು ಅಲ್ಲಿಯ ಬಾವಿಯಲ್ಲೇ ನಿನಗೊಂದು ಕಾಗದ ಬಿಟ್ಟೆ. ಅದು ಏರಲಿಲ್ಲ. ಬಂದು ನನ್ನ ಪಾದದ ಮೇಲೆ ಬಿತ್ತು.

“ಅಷ್ಟ್ ಮಾತು ತುಂಬಿದ್ರ ಗಾಳಿ ಎಲ್ಲಿಂದ ಹೊರ್ತದ, ಆಯಿ?” ಎಂದು ಜಗದೇವಿ ನಕ್ಕಳು. ಆಮೇಲೆ ಹಣೆ ಒತ್ತಿಕೊಂಡು, “ಯಾಕೋ ತಲಿ ಭಾರ ಆಗ್ಯಾದ” ಎಂದಳು.

ಗಾಳಿ ಯಾಕೆ ಏರುತ್ತಿಲ್ಲವೆಂದು ತಿಳಿಯಲು ಬುಧವಾರ ನಿನ್ನ ಪ್ರೋಗ್ರಾಂ ತೆರೆದು, ನೋಟ್‌ಬುಕ್ಕನ್ನು ಪಕ್ಕಕ್ಕಿಟ್ಟುಕೊಂಡು ಸಾಲುಸಾಲಾಗಿ ಓದಿದೆ. ನಿನ್ನ ಪಟ್ಟಿ ಸಿಕ್ಕಿತು. ಎಂಟನೇ ಮೆಟ್ಟಿಲಿನ ಗಾಳಿಮೂಗಿನ ಹೆಸರು ಅದರಲ್ಲಿದೆ. ನನ್ನ ಅಮ್ಮ ಹುಟ್ಟುವ ಮೊದಲೇ ಅದು ಮೂರು ಸಲ ಕೂಗಿ ಮುಗಿಸಿದೆ. ಪಟ್ಟಿ ಒರೆಸುವವರೆಗೆ ಮತ್ತೆ ಕೂಗುವಂತಿಲ್ಲ, ಎರಡನೇ ಪಂಖ ತಿರುಗುವಂತಿಲ್ಲ; ಇಷ್ಟು ಕಾಲ ಮೊದಲನೆಯದೊಂದೇ ಸಾಕಾಗಿತ್ತು, ಈಗ ಅದು ಸಾಲುತ್ತಿಲ್ಲ. ಒರೆಸುವವರು ಯಾರು ಎಂದು ಪ್ರೋಗ್ರಾಮಿನಲ್ಲೆಲ್ಲ ಹುಡುಕಿದೆ, ಎಲ್ಲೂ ಇಲ್ಲ. ಕೊನೆಗೆ ನೋಟ್‌ಬುಕ್ಕಿನ ಸೋಮವಾರದ ಪುಟದ ಅಂಚಿನಲ್ಲಿ, ನೀನು ಆಮೇಲೆ ಸೇರಿಸಿದ್ದು, ಕಂಡಿತು: ‘ಇನ್ನು ಮೇಲೆ ಸೋಮವಾರ ಬೆಳಿಗ್ಗೆ ಚಹಾ ಕುಡಿಯುತ್ತ ಪಟ್ಟಿ ನೋಡಿ ಒರೆಸುವುದು.’ ಆಯಿ, ಅದನ್ನು ಯಂತ್ರಕ್ಕೆ ಹೇಳಲೇ ಇಲ್ಲವಲ್ಲ ನೀನು. ನಿನ್ನ ಅಭ್ಯಾಸಕ್ಕೆ ಬಿಟ್ಟೆ. ಯಾವ ಪಟ್ಟಿ ಎಂದು ತಿಳಿಯದ ನಾವು ಚಹಾ ಉಳಿಸಿಕೊಂಡೆವು, ಪಟ್ಟಿ ಬಿಟ್ಟೆವು. ಸಾವಿರಾರು ಸೋಮವಾರ ಊರಿಗೆ ಊರೇ ಸಾಲಾಗಿ ಕುಳಿತು ಭಕ್ತಿಯಿಂದ ಚಹಾ ಕುಡಿದಿದೆ.

ಪಂಖಗಳ ಮೇಲ್ವಿಚಾರಕನನ್ನು ಗಾಳಿಗಾರ ಎನ್ನುತ್ತೇವೆ; ಪ್ರೋಗ್ರಾಂ ಯಾರು ಬೇಕಾದರೂ ಓದಬಹುದು, ತಿದ್ದುವವನು ಪಂಖದ ಕೋಣೆಯ ಬೀಗದ ಕೈಯಿರುವ ಅವನೊಬ್ಬನೇ. ಈಗಿನ ಗಾಳಿಗಾರ ರೇವಪ್ಪ ಕೆಟ್ಟವನಲ್ಲ. ಕೆಳಗೆ ಗಾಳಿ ಕೆಟ್ಟಿದೆ, ಪಟ್ಟಿ ಒರೆಸು ಎಂದು ಬುಧವಾರ ಹೇಳಿದರೆ ನಕ್ಕ: “ಗಾಳಿಮೂಗು ಸುಮ್ನದ, ನಿಮ್ ಮೂಗೇ ಭಾಳ ಓಡ್ಲಿಕತ್ತದ ನೋಡ್ರಿ.” ಗುರುವಾರ ಅವನನ್ನು ಎಂಟನೇ ಮೆಟ್ಟಿಲಿಗೆ ಕರೆದೊಯ್ದು ಹಣತೆ ಹಚ್ಚಿ ತೋರಿಸಿದೆ. ಜ್ವಾಲೆ ಕುಗ್ಗಿ ನೀಲಿಯಾಯಿತು. “ಎಣ್ಣಿ ಸರಿ ಇಲ್ರಿ” ಎಂದ. ಇವತ್ತು ಬೆಳಿಗ್ಗೆ ಮೂರನೇ ಸಲ ಹೋದೆ. ಕುತ್ತಿಗೆಯಲ್ಲಿದ್ದ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಾತನಾಡಿದ.

“ಆಯಿ, ಮೂರ್ ಸಲ ಆತ್ರಿ. ಇನ್ನೊಂದ್ ಸಲ ಬಾಯಾಗ ಬರಬಾರ್ದು. ಇವತ್ತ ಶುಕ್ರವಾರ ಬ್ಯಾರೆ. ಸೋಮವಾರ ಚಹಾ ಕುಡದು ನೋಡಮು.”

ಅಲ್ಲಿಂದ ಜಗದೇವಿಯ ಹತ್ತಿರ ಇಳಿದೆ. ತಲೆ ಭಾರ ಎಂದು ಅವಳು ಮಂಗಳವಾರ ಹೇಳಿದ್ದಳು, ಬುಧವಾರ ಹೇಳಿದ್ದಳು, ನಿನ್ನೆ ಹೇಳಿದ್ದಳು. ಇವತ್ತು ತುಟಿ ಬಿಗಿಹಿಡಿದು ನಕ್ಕಳು, ಏನೂ ಹೇಳಲಿಲ್ಲ. ಅವಳ ತುಟಿ ನೀಲಿಗಟ್ಟಿತ್ತು. ಮಗುವನ್ನು ಎತ್ತಿಕೊಂಡೆ, ಕಣ್ಣು ಬಿಡಲಿಲ್ಲ. ಪಕ್ಕದ ಬಾಣಂತಿ ನಿದ್ದೆಗಣ್ಣಿನಲ್ಲೇ, “ಎಷ್ಟ್ ಶಾಣ್ಯಾ ಕೂಸುಗಳು ನೋಡ್ರಿ ಈ ಸಲ, ಒಂದೂ ಅಳಲ್ದು” ಎಂದಳು. ಹನ್ನೊಂದು ತೊಟ್ಟಿಲುಗಳ ಆ ಕೋಣೆಯಲ್ಲಿ ನನಗೆ ನನ್ನ ಉಸಿರೊಂದೇ ಕೇಳುತ್ತಿತ್ತು. ಸೋಮವಾರದವರೆಗೆ ಇವರು ಉಳಿಯುವುದಿಲ್ಲ, ಅಂಬಿಕಾ.

ನಿನ್ನ ಮೇಲೆ ಸಿಟ್ಟಿಲ್ಲ. ದಣಿದ ಹುಡುಗಿ ಒಂದು ಮಧ್ಯಾಹ್ನ ಸುಖವಾಗಿ ಕೆಲಸ ಮಾಡಲು ಮಾಡಿಕೊಂಡ ಉಪಾಯ ಅದು. ಇಲ್ಲಿಯವರೆಗೆ ನಡೆದು ಬರುತ್ತದೆಂದು ನೀನು ಕನಸಿನಲ್ಲೂ ಎಣಿಸಿರಲಾರೆ. ನನ್ನದೊಂದೇ ಬೇಡಿಕೆ. ಆ ಗುರುವಾರ ‘ಎಂಥ ನೆಮ್ಮದಿ’ ಎಂದು ಬರೆದು ಪೆನ್ನು ಮುಚ್ಚುವ ಮೊದಲು ಇನ್ನೊಂದು ಸಾಲು ಬರೆ: ನಾನಿಲ್ಲದಾಗ ಈ ಪಟ್ಟಿಯನ್ನು ಯಾರಾದರೂ ನೋಡಿರಿ. ಅಷ್ಟು ಸಾಕು. ಈಗಷ್ಟೇ ಆ ಪುಟ ತೆಗೆದು ನೋಡಿದೆ, ಒಂದು ವೇಳೆ ನೀನು ಬರೆದಿದ್ದೀಯೇನೋ ಎಂಬ ಹುಚ್ಚು ಆಸೆಯಿಂದ. ಬರೆದಿಲ್ಲ.

ಹೀಗಾಗಿ ನಾನೇ ಹೊರಟಿದ್ದೇನೆ. ನಮ್ಮ ಮೆಟ್ಟಿಲಿನ ದೊಡ್ಡ ಗಾಳಿಬಾವಿಯ ಬಾಯಲ್ಲಿ ನಿಂತು ಕೂಗಿದರೆ ಎಂಟೂ ಮೆಟ್ಟಿಲಿಗೆ ಕೇಳುತ್ತದೆ. ಹನ್ನೊಂದು ಬಾಣಂತಿಯರ ಗಂಡಂದಿರು, ಅತ್ತೆಯರು, ತಾಯಂದಿರು ಕೇಳುವಂತೆ ನಾಲ್ಕನೇ ಸಲ ಹೇಳುತ್ತೇನೆ. ಐದನೇ ಸಲ, ಐವತ್ತನೇ ಸಲ, ರೇವಪ್ಪನ ಕುತ್ತಿಗೆಯಿಂದ ಆ ಬೀಗದ ಕೈ ಇಳಿಯುವವರೆಗೆ. ಆಮೇಲೆ ಒಂದು ವರ್ಷ ಯಾರೂ ಮಾತನಾಡಿಸದಿದ್ದರೆ ಬೇಡ, ನಿನಗೆ ಬರೆಯುತ್ತ ಕೂರುತ್ತೇನೆ. ಹೆದರಿಕೆ ಅದಕ್ಕಲ್ಲ. ಎಪ್ಪತ್ತೆರಡು ವರ್ಷ ಮೂರಕ್ಕೇ ನಿಂತ ಗಂಟಲು ಇದು, ನಾಲ್ಕಕ್ಕೆ ಏಳದಿದ್ದರೆ ಎಂದು ಹೆದರಿಕೆ.

ಅದಕ್ಕೂ ಮೊದಲು ಕೆಳಗಿಳಿದು ಈ ಕಾಗದವನ್ನು ಜಗದೇವಿಯ ಕೈಗೆ ಕೊಡುತ್ತೇನೆ. ಎಂಟನೇ ಮೆಟ್ಟಿಲಿನ ಬಾವಿಯ ಹತ್ತಿರ ಕುಳಿತುಕೋ, ಗಾಳಿ ಎಳೆದದ್ದು ಕೈಗೆ ತಿಳಿದಾಗ ಬಿಡು ಎನ್ನುತ್ತೇನೆ. ಇದು ನಿನಗೆ ಮುಟ್ಟಿದ್ದರೆ ಪಂಖ ತಿರುಗಿತು, ಕೂಸು ಅತ್ತಿತು ಎಂದು ತಿಳಿ.

ನಿನ್ನ
ನೀಲಗಂಗಮ್ಮ